ಮಕ್ಕಳ ಬೇಕಿಂಗ್ ಕ್ಲಾಸ್: ಕೈ ಕಟ್ಟಿ ನಿಲ್ಲುವ ಟೀಚರ್ ಸಿಕ್ಕರೆ ಬಿಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಈ ಕ್ಲಾಸ್ ನನಗೆ ತುಂಬಾ ಇಷ್ಟವಾಗಿದೆ. ದಕ್ಷಿಣ ಬೆಂಗಳೂರಿನಲ್ಲಿ ಒಬ್ಬರು ತಮ್ಮ ಮನೆಯ ಕೆಳಗಿನ ಮಹಡಿಯಲ್ಲಿ 8ರಿಂದ 13 ವರ್ಷದ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಬೇಕಿಂಗ್ ಹೇಳಿಕೊಡುತ್ತಾರೆ. ಒಂದು ಬ್ಯಾಚಿಗೆ 6 ಮಕ್ಕಳು, ಅದಕ್ಕಿಂತ ಒಬ್ಬರೂ ಜಾಸ್ತಿ ಇಲ್ಲ. ಮೂರು ಗಂಟೆಯ ಕ್ಲಾಸಿಗೆ 900 ರೂಪಾಯಿ, ಸಾಮಾನೆಲ್ಲ ಅವರದೇ. ಬೋರ್ಡಿಲ್ಲ, ಜಾಹೀರಾತಿಲ್ಲ, ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಬರುವವರೇ ಎಲ್ಲ. ಮನೆ ಆದ್ದರಿಂದ ಹೆಸರು, ವಿಳಾಸ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಇಂಥ ಕ್ಲಾಸುಗಳು ಈಗ ಬೇರೆ ಊರುಗಳಲ್ಲೂ ಶುರುವಾಗಿವೆ, ಎಲ್ಲರೂ ಹೇಳುವುದು ಒಂದೇ ಮಾತು: ಮಕ್ಕಳ ಕಾನ್ಫಿಡೆನ್ಸ್ ಬೆಳೆಯುತ್ತೆ, ಮನಸ್ಸು ಹಗುರಾಗುತ್ತೆ. ಆ ಮಾತು ನಿಜ. ಆದರೆ ಎಲ್ಲ ಕ್ಲಾಸಲ್ಲೂ ಹಾಗಾಗಲ್ಲ. ಎಲ್ಲಿ ಆಗುತ್ತೆ, ಎಲ್ಲಿ ಆಗಲ್ಲ ಅನ್ನುವುದನ್ನು ನಾನು ನೋಡಿದ ಹಾಗೆ ಹೇಳುತ್ತೇನೆ.

ನನ್ನ ಮಗಳಿಗೆ 9 ವರ್ಷ. ಓದಿನಲ್ಲಿ ಚೆನ್ನಾಗಿಯೇ ಇದ್ದಾಳೆ. ಆದರೆ ಉತ್ತರ ಗೊತ್ತಿದ್ದರೂ ಶಾಲೆಯಲ್ಲಿ ಕೈ ಎತ್ತುವುದಿಲ್ಲ. ತಪ್ಪಾಗಿಬಿಟ್ಟರೆ ಅನ್ನುವ ಭಯ. ಚಿತ್ರ ಬರೆಯುವಾಗ ಒಂದು ಗೆರೆ ಸೊಟ್ಟ ಹೋದರೆ ಇಡೀ ಹಾಳೆಯನ್ನೇ ಹರಿದುಹಾಕುವ ಹುಡುಗಿ. ಇಂಥ ಮಕ್ಕಳು ಎಷ್ಟೋ ಮನೆಗಳಲ್ಲಿ ಇದ್ದಾರೆ, ಶಾಲೆಯ ಮೀಟಿಂಗಿನಲ್ಲಿ ಪಕ್ಕದಲ್ಲಿ ಕೂತ ಅಮ್ಮಂದಿರು ಇದನ್ನೇ ಹೇಳಿಕೊಳ್ಳುತ್ತಿರುತ್ತಾರೆ. ಭಾಷಣ ಸ್ಪರ್ಧೆಗೆ ಸೇರಿಸಿ, ಅಬಾಕಸ್‌ಗೆ ಹಾಕಿ, ಡ್ಯಾನ್ಸಿಗೆ ಕಳಿಸಿ ಅಂತ ಸಲಹೆಗೇನೂ ಕೊರತೆ ಇಲ್ಲ. ಅವೆಲ್ಲದರಲ್ಲೂ ಮಗು ಯಾರದೋ ಮುಂದೆ ನಿಂತು ಮಾಡಿ ತೋರಿಸಬೇಕು, ಅವರು ಚೆನ್ನಾಗಿದೆ ಅನ್ನಬೇಕು. ಬೇಕಿಂಗಲ್ಲಿ ತೀರ್ಪು ಕೊಡುವುದು ಓವನ್. ಕಲಸಿದ್ದು ಸರಿ ಇದ್ದರೆ ಉಬ್ಬುತ್ತೆ, ಇಲ್ಲದಿದ್ದರೆ ಇಲ್ಲ. ಓವನ್ನಿಗೆ ಕೋಪ ಬರಲ್ಲ, ಯಾರ ಮಗು ಅಂತ ಗೊತ್ತಿಲ್ಲ, ಪಕ್ಕದವಳ ಜೊತೆ ಹೋಲಿಸಲ್ಲ. ಅಂಜುವ ಮಗುವಿಗೆ ಇದು ಎಷ್ಟು ಸಮಾಧಾನದ ವಿಷಯ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈ ಕ್ಲಾಸಿನ ಮೊದಲ ನಿಯಮ ಇರುವುದು ಟೀಚರಿಗೆ. ಮಕ್ಕಳು ಕೆಲಸ ಮಾಡುವಷ್ಟು ಹೊತ್ತೂ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಮಕ್ಕಳೆಲ್ಲ ಅವರನ್ನು ಆಂಟಿ ಅಂತಲೇ ಕರೆಯುವುದು. "ಆಂಟಿ, ಇಷ್ಟು ಸಾಕಾ?" ಅಂತ ಯಾರಾದರೂ ಕೇಳಿದರೆ, "ನಿಂಗೇನನ್ಸುತ್ತೆ ಪುಟ್ಟಾ? ಸೌಟು ಎತ್ತು, ಹೇಗೆ ಬೀಳ್ತಿದೆ ನೋಡು" ಅನ್ನುತ್ತಾರೆ. ಮಗು ಸೌಟು ಎತ್ತುತ್ತೆ. ಹಿಟ್ಟು ಒಂದೇ ಎಳೆಯಾಗಿ ಇಳಿದು ಮಡಿಕೆ ಮಡಿಕೆಯಾಗಿ ಕೂತರೆ ಕೇಕಿನ ಹದ ಬಂದಿದೆ. ಮುದ್ದೆಯಾಗಿ ದೊಪ್ಪಂತ ಬಿದ್ದರೆ ಇನ್ನೊಂದು ಚಮಚ ಹಾಲು ಬೇಕು. ಇದನ್ನು ಒಂದು ಸಲ ಸ್ವಂತ ಕಣ್ಣಿಂದ ನೋಡಿ, ಸ್ವಂತ ಬಾಯಿಂದ "ಇನ್ನೂ ಗಟ್ಟಿ ಇದೆ" ಅಂತ ಹೇಳಿದ ಮಗು ಮುಂದಿನ ಸಲ ಯಾರನ್ನೂ ಕೇಳುವುದಿಲ್ಲ.

ಓವನ್ ಬಾಗಿಲು ತೆಗೆಯುವಾಗ ಮಾತ್ರ ಅವರ ಕೈ ಮುಂದೆ ಬರುತ್ತೆ. 10 ವರ್ಷ ದಾಟಿದವರು ಗ್ಲೌಸ್ ಹಾಕಿಕೊಂಡು ಅವರ ಪಕ್ಕದಲ್ಲೇ ನಿಂತು ಟ್ರೇ ತೆಗೆಯಬಹುದು, ಚಿಕ್ಕವರು ನೆಲದ ಮೇಲೆ ಬರೆದ ಗೆರೆಯ ಹಿಂದೆಯೇ ಇರಬೇಕು. ಒದ್ದೆ ಬಟ್ಟೆಯಲ್ಲಿ ಬಿಸಿ ಟ್ರೇ ಹಿಡಿಯಬಾರದು, ಒಣ ಬಟ್ಟೆಗಿಂತ ಅದು ಬಿಸಿಯನ್ನು ಬೇಗ ಕೈಗೆ ದಾಟಿಸುತ್ತೆ ಅನ್ನುವುದನ್ನು ಮೊದಲ ಕ್ಲಾಸಲ್ಲೇ ಹೇಳಿಕೊಡುತ್ತಾರೆ. ಒದ್ದೆ ಮಸಿಬಟ್ಟೆಯಲ್ಲೇ ಪಾತ್ರೆ ಇಳಿಸುವ ದೊಡ್ಡವರು ನಮ್ಮ ಮನೆಗಳಲ್ಲಿ ಎಷ್ಟು ಜನ ಇಲ್ಲ ಹೇಳಿ. ಮೊಟ್ಟೆ ಹಾಕಿದ ಹಸಿ ಹಿಟ್ಟನ್ನು ಬೆರಳಲ್ಲಿ ನೆಕ್ಕುವುದಕ್ಕೂ ಇಲ್ಲಿ ಬಿಡುವುದಿಲ್ಲ. ಹಸಿ ಮೊಟ್ಟೆಯಲ್ಲೂ ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು ಅಂತ ಮಕ್ಕಳಿಗೆ ಅರ್ಥವಾಗುವ ಹಾಗೆ ಕಾರಣ ಹೇಳಿಯೇ ಬೇಡ ಅನ್ನುತ್ತಾರೆ.

ಅಪ್ಪ ಅಮ್ಮಂದಿರು ಒಳಗೆ ಬರುವ ಹಾಗಿಲ್ಲ. ವರಾಂಡದಲ್ಲಿ ಬೆಂಚು ಹಾಕಿದ್ದಾರೆ, ಕಿಟಕಿಯಿಂದ ನೋಡಬಹುದು, ಮಾತಾಡಬಾರದು. ಕೆಲವರಿಗೆ ಇದು ವಿಪರೀತ ಕಟ್ಟುನಿಟ್ಟು ಅನ್ನಿಸಿದೆ, ಒಬ್ಬರು ಬೇಜಾರು ಮಾಡಿಕೊಂಡು ಹೋದದ್ದೂ ಉಂಟು. ನನ್ನ ಪ್ರಕಾರ ಈ ನಿಯಮ ಸರಿಯಾಗೇ ಇದೆ. ನಾವು ಪಕ್ಕದಲ್ಲಿದ್ದರೆ ಕೈ ಸುಮ್ನೆ ಇರಲ್ಲ. ಮೈದಾ ಚೆಲ್ಲುತ್ತೆ ಅಂತ ಜರಡಿ ಕಿತ್ತುಕೊಳ್ಳುತ್ತೇವೆ, ಬಟ್ಟೆ ಕೊಳೆ ಆಗುತ್ತೆ ಅಂತ ಕೋಕೋ ನಾವೇ ಸುರಿಯುತ್ತೇವೆ. ಪ್ರೀತಿಯಿಂದಲೇ ಮಾಡುವುದು, ಆದರೆ ಮಗುವಿಗೆ ಮುಟ್ಟುವ ಸಂದೇಶ "ನಿನ್ನ ಕೈಲಾಗಲ್ಲ" ಅಂತ.

ಕಿಟಕಿಯಿಂದ ನೋಡಿದ ಒಂದು ಸಂಗತಿ ಹೇಳಲೇಬೇಕು. ಅವತ್ತು ವೆನಿಲಾ ಕೇಕ್. ಕೊಟ್ಟ ರೆಸಿಪಿಯಲ್ಲಿ ಮೈದಾ 250 ಗ್ರಾಂ, ಸಕ್ಕರೆ 200, ಮೊಟ್ಟೆ 3. ಟಿನ್ ಚಿಕ್ಕದು, ಅದಕ್ಕೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ ಅಂದರು. ಮೈದಾ 125, ಸಕ್ಕರೆ 100, ಅಲ್ಲಿವರೆಗೆ ಸಲೀಸು. ಡಿಜಿಟಲ್ ತಕ್ಕಡಿ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿಕೊಂಡು ಸುರಿಯುವುದೇ ಮಕ್ಕಳಿಗೆ ಒಂದು ಸಂಭ್ರಮ. ಮೊಟ್ಟೆಗೆ ಬಂದಾಗ ಎಲ್ಲರೂ ನಿಂತುಬಿಟ್ಟರು. ಒಂದೂವರೆ ಮೊಟ್ಟೆ ಹೇಗೆ ಹಾಕುವುದು? ಒಬ್ಬ ಹುಡುಗ ಎರಡನೆಯದನ್ನು ಒಡೆದು ಅರ್ಧ ಸುರಿಯೋಣ ಅಂದ. ಹಳದಿ ಭಾಗ ಹೋಗಿಬಿಡುತ್ತಲ್ಲ ಅಂತ ಇನ್ನೊಬ್ಬಳು. ಆಂಟಿ ಏನೂ ಹೇಳಲಿಲ್ಲ, ಕೈ ಹಿಂದೆಯೇ ಇತ್ತು. ತುಂಬಾ ಹೊತ್ತಾದ ಮೇಲೆ ನನ್ನ ಮಗಳು ಮೆಲ್ಲಗೆ, "ಎರಡೂ ಒಡೆದು ಚೆನ್ನಾಗಿ ಕಲಸಿ ತೂಕ ಹಾಕಿದ್ರೆ?" ಅಂದಳು. ಹಾಕಿದರು. 102 ಗ್ರಾಂ ಬಂತು. ಎರಡರಲ್ಲಿ ಒಂದೂವರೆ ಅಂದರೆ ಮುಕ್ಕಾಲು ಭಾಗ. ಅವಳು ಪೇಪರಿನ ಮೇಲೆ 102ರ ಅರ್ಧ 51, ಅದರ ಅರ್ಧ 25.5, ಎರಡೂ ಕೂಡಿದರೆ 76.5 ಅಂತ ಬರೆದಳು. ಐದು ಮಕ್ಕಳು ಅವಳ ಪೇಪರನ್ನೇ ಬಗ್ಗಿ ನೋಡುತ್ತಿದ್ದರು. ಮಿಕ್ಕ ಮೊಟ್ಟೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರು.

ಆಂಟಿ ಚಪ್ಪಾಳೆ ತಟ್ಟಲಿಲ್ಲ, ಸೂಪರ್ ಅನ್ನಲಿಲ್ಲ. "ನೀನು ತೂಕ ಹಾಕೋಣ ಅಂದಿದ್ದಕ್ಕೆ ಎಲ್ಲರ ಕೇಕ್ ಅಳತೇನೂ ಸರಿಹೋಯ್ತು" ಅಂದರು, ಅಷ್ಟೇ. ಏನು ಮಾಡಿದ್ದರಿಂದ ಏನಾಯಿತು ಅನ್ನುವುದನ್ನು ಮಾತ್ರ ಹೇಳುವ ಈ ಅಭ್ಯಾಸ ನನಗೆ ಬಹಳ ಹಿಡಿಸಿತು. ಮಗು ಮನೆಗೆ ಒಯ್ಯುವುದು ಆ ಮಾತನ್ನೇ. ಅವಳು ಕಾರಿನಲ್ಲಿ ಕೂತು ಅಜ್ಜಿಗೆ ಫೋನ್ ಮಾಡಿ ಹೇಳಿದ್ದೂ ಕೇಕಿನ ರುಚಿ ಬಗ್ಗೆ ಅಲ್ಲ, 76.5 ಗ್ರಾಂ ಬಗ್ಗೆ.

ಇದಕ್ಕೆ ಮನಃಶಾಸ್ತ್ರದಲ್ಲಿ ಒಳ್ಳೆಯ ಆಧಾರ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದ ವಿಚಾರ. ನನ್ನ ಕೈಲಿ ಆಗುತ್ತೆ ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತೆ ಅಂದರು ಅವರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರೇ ಮಾಡುವುದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿಗೆ ಮೈಮನಸ್ಸು ಹೇಗಿದೆ ಅನ್ನುವುದು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. ನಾವು ಮನೆಯಲ್ಲಿ ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ಮಾಡುತ್ತೇವೆ, "ನೀನು ಜಾಣೆ, ನಿಂಗೆ ಬರುತ್ತೆ" ಅಂತ ಹೇಳುತ್ತಲೇ ಇರುತ್ತೇವೆ. ಮಕ್ಕಳು ಅದನ್ನು ನಂಬುವುದು ಕಷ್ಟ, ಅವರ ಹತ್ತಿರ ಸಾಕ್ಷಿ ಇಲ್ಲವಲ್ಲ. ಬಿಸಿಬಿಸಿ ಬನ್ ಕೈಯಲ್ಲಿದ್ದರೆ ಅದೇ ಸಾಕ್ಷಿ. ಹಿಟ್ಟು ಹಿಟ್ಟಾಗಿಯೇ ಇದ್ದದ್ದು ಒಂದೇ ಬೆಳಿಗ್ಗೆಯಲ್ಲಿ ಹೀಗಾಯಿತು, ಮಾಡಿದ್ದು ನಾನೇ.

ಕೇಕ್ ಕುಸಿದ ದಿನ ಈ ಟೀಚರ್ ಹೇಗೆ ನಡೆದುಕೊಂಡರು ಅನ್ನುವುದರ ಮೇಲೆ ನಾನು ಈ ಕ್ಲಾಸಿಗೆ ಪೂರ್ತಿ ಅಂಕ ಕೊಡುವುದು. ಇಬ್ಬಿಬ್ಬರ ಮೂರು ಜೋಡಿ, ಮೂರು ಕೇಕ್, ಮೊಟ್ಟೆ ಇಲ್ಲದ್ದು, ಮೊಸರು ಮತ್ತು ಅಡುಗೆ ಸೋಡಾ ಹಾಕಿ ಮಾಡುವಂಥದ್ದು. ಒಂದು ಚೆನ್ನಾಗಿ ಬಂತು, ಒಂದು ಸುಮಾರು, ಒಂದರ ನಡುಭಾಗ ಗುಳಿ ಬಿದ್ದು ಕೂತಿತ್ತು. ಗುಳಿ ಬಿದ್ದದ್ದು ನನ್ನ ಮಗಳ ಜೋಡಿಯದು. ಅವಳ ಕಣ್ಣು ತುಂಬಿತು. ಆಂಟಿ ಯಾರು ಮಾಡಿದ್ದು ಅಂತ ಕೇಳಲಿಲ್ಲ. ಮೂರನ್ನೂ ಅಡ್ಡಡ್ಡ ಕುಯ್ದು ಸಾಲಾಗಿ ಇಟ್ಟು, "ಒಳಗೆ ಏನೇನು ಕಾಣ್ತಿದೆ, ಬರ್ಕೊಳಿ" ಅಂದರು. ಚೆನ್ನಾಗಿ ಬಂದದ್ದರಲ್ಲಿ ತೂತುಗಳೆಲ್ಲ ಸಣ್ಣವು, ಒಂದೇ ಸಮ. ಕುಸಿದದ್ದರಲ್ಲಿ ಮೇಲುಗಡೆ ದೊಡ್ಡ ತೂತು, ಕೆಳಗೆ ಅಂಟಂಟು. ಆಮೇಲೆ ಮಕ್ಕಳೇ ಕಾರಣ ಹುಡುಕಿದರು. ಸೋಡಾ ಚಮಚವನ್ನು ತಲೆ ತಟ್ಟಿ ಸಮ ಮಾಡಿರಲಿಲ್ಲ, ಗುಡ್ಡೆಯಾಗಿ ಹಾಕಿದ್ದರು. ನಡುವೆ ಒಮ್ಮೆ ಓವನ್ ಬಾಗಿಲು ತೆಗೆಸಿ ನೋಡಿದ್ದರು. ಸೋಡಾ ಮೊಸರಿನ ಹುಳಿಯ ಜೊತೆ ಸೇರಿದಾಗ ಗ್ಯಾಸ್ ಹುಟ್ಟುತ್ತೆ, ಗ್ಯಾಸ್ ಜಾಸ್ತಿಯಾದರೆ ಹಿಟ್ಟು ಬೇಗ ಬೇಗ ಉಬ್ಬಿಬಿಡುತ್ತೆ, ಆದರೆ ಅದನ್ನು ಹಿಡಿದು ನಿಲ್ಲಿಸುವಷ್ಟು ಗೋಡೆ ಇನ್ನೂ ಬೆಂದಿರುವುದಿಲ್ಲ, ಅಷ್ಟರಲ್ಲಿ ತಣ್ಣಗಿನ ಗಾಳಿ ಬಡಿದರೆ ಕುಸಿಯದೆ ಇನ್ನೇನು ಮಾಡುತ್ತೆ.

ಅವತ್ತೇ ಅವರು ಬೆಂಗಳೂರಿನ ಎತ್ತರದ ವಿಷಯವನ್ನೂ ಹೇಳಿದರು. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಇಲ್ಲಿ ಸ್ವಲ್ಪ ಕಮ್ಮಿ, ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತೆ, ಕೇಕ್ ಒಳಗಿನ ಗ್ಯಾಸ್ ಕೂಡ ಜಾಸ್ತಿ ಹಿಗ್ಗುತ್ತೆ. ಅದಕ್ಕೇ ಸಮುದ್ರ ಮಟ್ಟದ ಊರಿನವರು ಬರೆದ ರೆಸಿಪಿಯನ್ನು ಇಲ್ಲಿ ಮಾಡುವಾಗ ಸೋಡಾ, ಬೇಕಿಂಗ್ ಪೌಡರ್ ಒಂದು ಚಿಟಿಕೆ ಕಮ್ಮಿ ಹಾಕಿದರೆ ಒಳ್ಳೆಯದು. ಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಚೆನ್ನಾಗಿ ಬರುವ ಕೇಕ್ ನಮ್ಮ ಮನೆಯಲ್ಲಿ ಯಾಕೆ ಹಾಗೆ ಬರಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ಒಂದು ಮಗು ಅಲ್ಲೇ ಲೆಕ್ಕ ಹಾಕಿತು. ನೋಡಿ, ಅಳು ಬಂದಿದ್ದ ಮಗು ಹತ್ತು ನಿಮಿಷದಲ್ಲಿ ಗಾಳಿಯ ಒತ್ತಡದ ಬಗ್ಗೆ ಪ್ರಶ್ನೆ ಕೇಳುತ್ತಿತ್ತು. ಕುಸಿದ ಕೇಕನ್ನು ಬಿಸಾಡಲಿಲ್ಲ. ಅಂಟಂಟು ಇದ್ದ ಭಾಗವನ್ನು ತೆಗೆದು, ಮಿಕ್ಕಿದ್ದನ್ನು ಉದ್ದುದ್ದ ಕುಯ್ದು ಸಣ್ಣ ಉರಿಯಲ್ಲಿ ಇನ್ನೊಂದು ಸಲ ಒಣಗಿಸಿ ರಸ್ಕ್ ಮಾಡಿಸಿದರು. ಮನೆಗೆ ಬಂದ ಡಬ್ಬಿಗಳಲ್ಲಿ ಆ ರಸ್ಕೇ ಮೊದಲು ಖಾಲಿಯಾಯಿತು.

ಬನ್ ಕ್ಲಾಸ್ ಬೇರೆಯದೇ ತರ. ಕೇಕ್ ಬೇಗ ಆಗುತ್ತೆ, ಬನ್ನಿಗೆ ಕಾಯಬೇಕು. ಮಾಡಿಸಿದ್ದು ನಮ್ಮ ಅಯ್ಯಂಗಾರ್ ಬೇಕರಿಯ ಖಾರಾ ಬನ್. ಹಾಸನದ ಕಡೆಯಿಂದ ಬಂದ ಕುಟುಂಬಗಳು ಬೆಂಗಳೂರಿಗೆ ಕೊಟ್ಟ ರುಚಿ ಅದು. ಚಿಕ್ಕಪೇಟೆಯಲ್ಲಿ 1898ರಲ್ಲಿ ಬೆಂಗಳೂರ್ ಬ್ರದರ್ಸ್ ಬೇಕರಿ ಶುರುವಾಯಿತು, ವಿ.ವಿ. ಪುರಂನ ವಿ.ಬಿ. ಬೇಕರಿ 1953ರಿಂದ ಇದೆ. ದಿನಾ ಸಂಜೆ ತಿನ್ನುವ ವಸ್ತುವನ್ನು ತಾನೇ ಮಾಡಿದಾಗ ಮಗುವಿಗೆ ಆಗುವ ಖುಷಿ ಬೇರೆ. ಹೆಸರೇ ಕೇಳದ ಫ್ರೆಂಚ್ ತಿಂಡಿ ಮಾಡಿದಾಗ ಅದು ಆಗಲ್ಲ.

ಉಗುರುಬೆಚ್ಚಗಿನ ನೀರಿಗೆ, ಅಂದರೆ 40 ಡಿಗ್ರಿ ಹತ್ತಿರ, ಸಕ್ಕರೆ ಮತ್ತು ಯೀಸ್ಟ್ ಹಾಕಿ ಹತ್ತು ನಿಮಿಷ ಬಿಟ್ಟರೆ ನೊರೆ ಬರಬೇಕು. ಬಂದರೆ ಯೀಸ್ಟ್ ಜೀವಂತ ಇದೆ. ನೀರು ಕೈ ಸುಡುವಷ್ಟು ಬಿಸಿ ಇದ್ದರೆ ಅದು ಸತ್ತೇ ಹೋಗುತ್ತೆ. ಜೀವ ಇರುವ ವಸ್ತು ಅಂತ ಗೊತ್ತಾದ ಕೂಡಲೇ ಮಕ್ಕಳು ಆ ಬಟ್ಟಲನ್ನು ಹಿಡಿಯುವ ರೀತಿಯೇ ಬದಲಾಯಿತು. ಆಮೇಲೆ ನಾದುವುದು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವಿಗೆ ಮೊದಲೇ ಉಪ್ಪು ಹಾಕಿಟ್ಟರೆ ನೀರು ಬಿಡುತ್ತೆ, ಹಿಟ್ಟು ಕೈಗೆ ಮೆತ್ತಿಕೊಳ್ಳುತ್ತೆ, ಅದಕ್ಕೆ ಅವನ್ನು ಕೊನೆಗೆ ಸೇರಿಸಬೇಕು. ಹತ್ತು ನಿಮಿಷ ಮೈಯೆಲ್ಲ ಭಾರ ಹಾಕಿ ನಾದಬೇಕು. ಆ ವಾರ ಶಾಲೆಯಲ್ಲಿ ಯಾರ ಜೊತೆಯೋ ಜಗಳವಾಡಿ ಮುಖ ಊದಿಸಿಕೊಂಡು ಬಂದಿದ್ದ ಒಬ್ಬ ಹುಡುಗ ಹಿಟ್ಟನ್ನು ಎತ್ತೆತ್ತಿ ಕುಕ್ಕಿದ. ಯಾರೂ ಬೇಡ ಅನ್ನಲಿಲ್ಲ, ಹಿಟ್ಟಿಗೆ ಅದು ಬೇಕೇ ಬೇಕು. ಕೊನೆಗೆ ಚಿಕ್ಕ ಉಂಡೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿದ. ಹರಿಯದೆ, ಆಚೆ ಬದಿಯ ಬೆಳಕು ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು ಅಂತ ಲೆಕ್ಕ. ಅವನ ಮುಖ ಅಷ್ಟರಲ್ಲಿ ಸಡಿಲವಾಗಿತ್ತು. ಇದರಿಂದ ಜಗಳ ಬಗೆಹರಿಯಿತು ಅಂತ ನಾನು ಹೇಳುತ್ತಿಲ್ಲ. ಮಾತಲ್ಲಿ ಹೇಳಲು ಬಾರದ ಮಕ್ಕಳಿಗೆ ಕೈಗೆ ಇಂಥದ್ದೊಂದು ಕೆಲಸ ಸಿಗುವುದು ದೊಡ್ಡ ವಿಷಯ ಅಂತಷ್ಟೇ.

ಹಿಟ್ಟು ಎರಡರಷ್ಟಾಗುವವರೆಗೆ ಕಾಯಬೇಕು. ಚಳಿ ಇದ್ದರೆ ಒಂದೂವರೆ ಗಂಟೆಯೂ ಬೇಕಾಗುತ್ತೆ. ಮೊಬೈಲ್ ಇಲ್ಲ, ಟೀವಿ ಇಲ್ಲ. ಪಾತ್ರೆ ತೊಳೆಯಬೇಕು, ಕಟ್ಟೆ ಒರೆಸಬೇಕು, ಆಮೇಲೆ ಅಂಗಳದಲ್ಲಿ ಆಡಬಹುದು. ಪಾತ್ರೆ ತೊಳೆಯುವುದೂ ಕ್ಲಾಸಿನ ಭಾಗ, ಹುಡುಗರಿಗೂ ಹುಡುಗಿಯರಿಗೂ ಒಂದೇ ನಿಯಮ. ಇದಕ್ಕೆ ಬೇರೆಯಾಗಿ ಶಭಾಷ್ ಹೇಳಬೇಕು.

ಇದಕ್ಕೂ ಮುಂಚೆ ನಾವು ಇನ್ನೊಂದು ಕಡೆ ಹೋಗಿದ್ದೆವು. ಹೆಸರು ಬೇಡ. ದೊಡ್ಡ ಜಾಗ, ಎಸಿ, ಮಕ್ಕಳಿಗೆಲ್ಲ ಬಣ್ಣದ ಟೋಪಿ, ಏಪ್ರನ್, ಫೀಸು ಇಲ್ಲಿಯ ಎರಡರಷ್ಟು. ಮೈದಾ, ಸಕ್ಕರೆ ಎಲ್ಲ ಮೊದಲೇ ಅಳೆದು ಕಪ್ಪುಗಳಲ್ಲಿ ಇಟ್ಟಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಒಂದೊಂದು ಕಪ್ಪು ಸುರಿದರು, ಫೋಟೋ ತೆಗೆದರು. ಆಮೇಲೆ ಆ ಹಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಮೊದಲೇ ಮಾಡಿಟ್ಟಿದ್ದ ಸ್ಪಾಂಜ್ ಕೇಕ್ ಬಂತು, ಅದರ ಮೇಲೆ ಕ್ರೀಮು, ಬಣ್ಣದ ಕಾಳು. ಸೊಟ್ಟ ಬಂದ ಕ್ರೀಮನ್ನು ಅಲ್ಲಿನ ಸಿಬ್ಬಂದಿಯೇ ಚಾಕುವಿನಲ್ಲಿ ಸರಿ ಮಾಡಿಕೊಟ್ಟರು. ಕೊನೆಗೆ ಎಲ್ಲರ ಕೇಕೂ ಒಂದೇ ತರ ಇತ್ತು. ಸರ್ಟಿಫಿಕೇಟ್ ಬೇರೆ. ಮಗಳು ಮನೆಗೆ ಬಂದು, "ಅಮ್ಮ, ಅದು ನಾನು ಮಾಡಿದ್ದಲ್ಲ" ಅಂದಳು. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಾಗುತ್ತೆ. ಒಂದು ಬರ್ತ್‌ಡೇ ಪಾರ್ಟಿಗೆ ಅಂಥ ಜಾಗ ಪರವಾಗಿಲ್ಲ, ಮಜಾ ಇರುತ್ತೆ. ಕಾನ್ಫಿಡೆನ್ಸ್ ಬೆಳೆಸುತ್ತೇವೆ ಅಂತ ಹೇಳಿ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ.

ಈಗ ಮನೆಯಲ್ಲಿ ಏನಾಗಿದೆ ಅಂತ ಕೇಳಿದರೆ, ನನ್ನ ಮಗಳು ಮಾತಿನ ಮಲ್ಲಿ ಏನೂ ಆಗಿಲ್ಲ. ಇವತ್ತಿಗೂ ಮೆಲ್ಲಗೇ ಮಾತಾಡುತ್ತಾಳೆ, ಅದು ಅವಳ ಸ್ವಭಾವ, ಅದನ್ನು ಬದಲಾಯಿಸುವ ಆಸೆ ನನಗೂ ಇಲ್ಲ. ಬದಲಾದದ್ದು ಬೇರೆ. ಹಾಳೆ ಹರಿಯುವುದು ಕಮ್ಮಿಯಾಗಿದೆ, ಸೊಟ್ಟ ಗೆರೆಯ ಮೇಲೆಯೇ ಇನ್ನೇನೋ ಬರೆಯುತ್ತಾಳೆ. ಮೊನ್ನೆ ಅಂಗಡಿಯಲ್ಲಿ ಕೊಟ್ಟ ಯೀಸ್ಟ್ ಪೊಟ್ಟಣದ ದಿನಾಂಕ ಮುಗಿದಿತ್ತು. ಅವಳೇ ನೋಡಿ, ಅವಳೇ ಒಳಗೆ ಹೋಗಿ, "ಅಂಕಲ್, ಇದರ ಡೇಟ್ ಆಗಿದೆ, ಬೇರೆ ಕೊಡಿ" ಅಂತ ಕೇಳಿ ತಂದಳು. ಬೇರೆ ಮಕ್ಕಳಿಗೆ ಇದು ಏನೂ ಅಲ್ಲದಿರಬಹುದು. ನಮ್ಮ ಮನೆಯಲ್ಲಿ ಇದು ಹಬ್ಬ. ಅಜ್ಜಿ ಕೋಡುಬಳೆ ಮಾಡುವಾಗ ಈಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಿಟ್ಟಿನ ಹದ ಕೇಳುತ್ತಾರೆ, ಅವಳು ಮುಟ್ಟಿ ನೋಡಿ ಹೇಳುತ್ತಾಳೆ, ಇಬ್ಬರದೂ ಅಭಿಪ್ರಾಯ ಬೇರೆಯಾದರೆ ಒಂದನ್ನು ಎಣ್ಣೆಗೆ ಬಿಟ್ಟು ನೋಡುತ್ತಾರೆ.

ತಿನ್ನುವ ವಿಷಯಕ್ಕೆ ಬರೋಣ, ಯಾಕೆಂದರೆ ಬೇಕಿಂಗ್ ಅಂದರೆ ಸಕ್ಕರೆ, ಮೈದಾ, ಬೆಣ್ಣೆ ಅಂತ ಎಲ್ಲರಿಗೂ ಗಾಬರಿ. ಆ ಗಾಬರಿ ಸರಿಯಾದದ್ದೇ. ಹೀಗೆ ಬೆರೆಸಿ ತಿನ್ನುವ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಕ್ಯಾಲೊರಿಯ ನೂರಕ್ಕೆ 10ಕ್ಕಿಂತ ಕಮ್ಮಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 9 ವರ್ಷದ ಮಗುವಿಗೆ ಅದು ಹೆಚ್ಚುಕಮ್ಮಿ 40 ಗ್ರಾಂ. ಮೇಲೆ ಹೇಳಿದ ಕೇಕಿನಲ್ಲಿ 100 ಗ್ರಾಂ ಸಕ್ಕರೆ ಇತ್ತು, ಎಂಟು ತುಂಡು ಮಾಡಿದರೆ ಒಂದು ತುಂಡಿಗೆ 12.5 ಗ್ರಾಂ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸುತ್ತಾರೆ. ತಾನೇ ಅಳೆದು ಸುರಿದ ಸಕ್ಕರೆ ಎಷ್ಟು ಅಂತ ಕಣ್ಣಿಗೆ ಕಂಡ ಮಗು ಎರಡನೇ ತುಂಡು ಕೇಳುವಾಗ ಯೋಚನೆ ಮಾಡುತ್ತೆ. ರಾಗಿ ಬಿಸ್ಕತ್ತು, ಬೆಲ್ಲದ ಕೇಕ್ ಕೂಡ ಇಲ್ಲಿ ಇದೆ. ರಾಗಿಯಲ್ಲಿ ಗ್ಲೂಟೆನ್, ಅಂದರೆ ಹಿಟ್ಟನ್ನು ಹಿಡಿದಿಡುವ ಅಂಟು, ಇಲ್ಲ, ಅದೊಂದರಲ್ಲೇ ಕೇಕ್ ಮಾಡಿದರೆ ಪುಡಿಪುಡಿಯಾಗುತ್ತೆ, ಅದಕ್ಕೆ ಗೋಧಿ ಹಿಟ್ಟು ಸೇರಿಸಬೇಕು. ಕ್ರೀಮು, ಬಣ್ಣ ಇಲ್ಲಿ ಕಮ್ಮಿ, ನನಗೆ ಅದೂ ಇಷ್ಟ.

ಸ್ವಿಟ್ಜರ್ಲೆಂಡಿನಲ್ಲಿ 6ರಿಂದ 10 ವರ್ಷದ 47 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಗಿತ್ತು. ಅಪ್ಪ ಅಥವಾ ಅಮ್ಮನ ಜೊತೆ ಸೇರಿ ಊಟ ತಯಾರು ಮಾಡಿದ ಮಕ್ಕಳು, ದೊಡ್ಡವರೇ ಮಾಡಿಕೊಟ್ಟ ಮಕ್ಕಳಿಗಿಂತ ಜಾಸ್ತಿ ತರಕಾರಿ ಸಲಾಡ್ ತಿಂದರು, ಅಷ್ಟೇ ಅಲ್ಲ, ಜಾಸ್ತಿ ಖುಷಿಯಾಗಿದ್ದರು, ಪರಿಸ್ಥಿತಿ ತಮ್ಮ ಹಿಡಿತದಲ್ಲಿದೆ ಅನ್ನುವ ಭಾವನೆಯೂ ಅವರಲ್ಲಿ ಜಾಸ್ತಿ ಇತ್ತು. ಚಿಕ್ಕ ಅಧ್ಯಯನ, ಅದೂ ಬೇಕಿಂಗ್ ಅಲ್ಲ, ಅಡುಗೆ. ಆದರೂ ನಾನು ಕಿಟಕಿಯಿಂದ ಕಂಡದ್ದಕ್ಕೆ ಅದು ಹೊಂದುತ್ತೆ. ಖಾರಾ ಬನ್ನಿನಲ್ಲಿ ಈರುಳ್ಳಿ, ಕರಿಬೇವು ಆರಿಸಿ ಪಕ್ಕಕ್ಕಿಡುತ್ತಿದ್ದ ಮಕ್ಕಳು ತಾವೇ ಹೆಚ್ಚಿ ಹಾಕಿದ್ದನ್ನು ಸುಮ್ನೆ ತಿಂದರು.

ಕೊರತೆಗಳೂ ಇವೆ. ರೆಸಿಪಿ ಹಾಳೆ ಬರೀ ಇಂಗ್ಲಿಷಿನಲ್ಲಿ ಕೊಡುತ್ತಾರೆ. ಕ್ಲಾಸೆಲ್ಲ ಕನ್ನಡದಲ್ಲೇ ನಡೆಯುವಾಗ ಹಾಳೆ ಯಾಕೆ ಹಾಗೆ? ಮನೆಯಲ್ಲಿ ಅಜ್ಜಿ ಜೊತೆ ಕೂತು ಮಾಡಬೇಕಾದ ಮಗುವಿಗೆ ಕನ್ನಡದ್ದೂ ಬೇಕು. ಕೇಳಿದ್ದೇನೆ, ಮಾಡಿಸುತ್ತೇನೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ ಬೇರೆ ಪಾತ್ರೆ, ಬೇರೆ ಟಿನ್ ಇಟ್ಟಿದ್ದಾರೆ, ಒಳ್ಳೆಯದು, ಆದರೆ ಓವನ್ ಒಂದೇ. ಅದನ್ನು ಸೇರುವಾಗಲೇ ಹೇಳಬೇಕು, ಕೇಳಿದರೆ ಮಾತ್ರ ಹೇಳುತ್ತಾರೆ. ಗಾಡಿ ನಿಲ್ಲಿಸಲು ಜಾಗ ಇಲ್ಲವೇ ಇಲ್ಲ, ಆಟೋದಲ್ಲಿ ಹೋಗುವುದು ವಾಸಿ. ಶನಿವಾರ ಬೆಳಿಗ್ಗೆ ಒಂದೇ ಹೊತ್ತು, ಅರ್ಧ ದಿನ ಶಾಲೆ ಇರುವ ಮಕ್ಕಳಿಗೆ ಆಗುವುದಿಲ್ಲ. ಒಂದು ಕ್ಲಾಸ್ ತಪ್ಪಿದರೆ ದುಡ್ಡು ವಾಪಸ್ ಇಲ್ಲ, ಬದಲಿ ಕ್ಲಾಸೂ ಇಲ್ಲ. ಮಕ್ಕಳಿಗೆ ಜ್ವರ ಹೇಳಿ ಕೇಳಿ ಬರುತ್ತಾ? ಇದನ್ನು ಅವರು ಬದಲಾಯಿಸಲೇಬೇಕು. ಇನ್ನೊಂದು, 900 ರೂಪಾಯಿ ಎಲ್ಲರಿಗೂ ಆಗುವ ಮೊತ್ತ ಅಲ್ಲ. 6 ಮಕ್ಕಳಿಗೆ ಬೆಣ್ಣೆ, ಮೊಟ್ಟೆ, ಕರೆಂಟು, ಮೂರು ಗಂಟೆ ಹೊತ್ತು ಅಂತ ಲೆಕ್ಕ ಹಾಕಿದರೆ ನ್ಯಾಯವಾಗೇ ಇದೆ, ಆದರೂ ತಿಂಗಳಿಗೆ ಎರಡು ಅಂದರೂ ಭಾರವೇ.

ಅದಕ್ಕೇ ಹೇಳುವುದು, ಕ್ಲಾಸ್ ಇಲ್ಲದೆಯೂ ಇದು ಸಾಧ್ಯ. ಓವನ್ ಬೇಕೇ ಬೇಕು ಅಂತಲೂ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್. ಕುಕ್ಕರಿನಲ್ಲಿ ಮಾಡುವುದಾದರೆ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿರಬೇಕು, ಒಳಗೆ ನೀರು ಹಾಕಬಾರದು, ಒಲೆಯ ಹತ್ತಿರ ದೊಡ್ಡವರು ಇರಲೇಬೇಕು. ಓಟಿಜಿ, ಅಂದರೆ ಮನೆಯಲ್ಲಿ ಬಳಸುವ ಚಿಕ್ಕ ಕರೆಂಟ್ ಓವನ್, ಕೊಳ್ಳುವವರು ಸ್ವಲ್ಪ ಜಾಸ್ತಿ ಕೊಟ್ಟು ಒಳಗಿಡುವ ಥರ್ಮಾಮೀಟರ್ ಒಂದನ್ನೂ ತನ್ನಿ. ಡಯಲಿನಲ್ಲಿ 180 ಅಂತ ಇದ್ದರೂ ಒಳಗೆ 160 ಇರಬಹುದು, 200 ಇರಬಹುದು. ಮಗು ಎಲ್ಲ ಸರಿಯಾಗಿ ಮಾಡಿ ಮೆಷಿನ್ನಿನಿಂದಾಗಿ ಕೇಕ್ ಕೆಟ್ಟರೆ ಅದು ಅನ್ಯಾಯ. ಒಂದು ತೂಕದ ಮೆಷಿನ್ ಅಂತೂ ಇರಲಿ. ಕಪ್ಪಿನ ಅಳತೆಯಲ್ಲಿ ಮೈದಾ ಒತ್ತಿ ತುಂಬಿದರೆ ಒಂದು, ಹಗುರಾಗಿ ತುಂಬಿದರೆ ಇನ್ನೊಂದು. ಮೊದಲಿಗೆ ನಾನ್‌ಖಟಾಯಿ ಅಥವಾ ಬೆಣ್ಣೆ ಬಿಸ್ಕತ್ತು ಮಾಡಿಸಿ, ಅದು ಕುಸಿಯುವ ವಸ್ತುವಲ್ಲ. ಕೇಕ್ ಆಮೇಲೆ. ಮತ್ತೆ, ಮಗು ಕಲಸುವಾಗ ನೀವು ಹಾಲ್‌ನಲ್ಲಿ ಹೋಗಿ ಕೂತುಕೊಳ್ಳಿ. ಕಟ್ಟೆ ಆಮೇಲೆ ಒರೆಸಬಹುದು.

ಕ್ಲಾಸಿಗೇ ಸೇರಿಸುವುದಾದರೆ ದುಡ್ಡು ಕಟ್ಟುವ ಮುಂಚೆ ಫೋನಿನಲ್ಲಿ ಇಷ್ಟು ಕೇಳಿ: ಅಳತೆ ಮಾಡುವುದು ಯಾರು, ಮಕ್ಕಳೋ ನೀವೋ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಓವನ್ ಹತ್ತಿರ ಯಾರು ನಿಲ್ಲುತ್ತಾರೆ? ಕೇಕ್ ಸರಿ ಬರದಿದ್ದರೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ "ನಮ್ಮಲ್ಲಿ ಹಾಗೆ ಆಗೋದೇ ಇಲ್ಲ" ಅಂದರೆ ಬೇರೆ ಜಾಗ ನೋಡಿಕೊಳ್ಳಿ. ಬೇಸಿಗೆ ರಜೆಯ ಬ್ಯಾಚುಗಳು ಎಲ್ಲ ಕಡೆ ಬೇಗ ತುಂಬುತ್ತವೆ, ಮಾರ್ಚ್ ಮೊದಲ ವಾರದಲ್ಲೇ ವಿಚಾರಿಸಿಡಿ. ಹದಿನೆಂಟು ದಾಟಿ ಇದನ್ನೇ ಕಸುಬಾಗಿ ಕಲಿಯಬೇಕು ಅನ್ನುವವರು ಮನೆಯಲ್ಲಿದ್ದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಲ್ಲಿ ಕೇಳಿ ನೋಡಿ, ನಮ್ಮ ಆಂಟಿ ಕಲಿತದ್ದೂ ಅಲ್ಲೇ.